ಡಿಲೀಟ್ ಆದಮೇಲೆ ಡಿಸ್ಕಿನಲ್ಲಿ ಉಳಿಯುವುದೇನು?

2006ರ ಜುಲೈ. ಅಮೆರಿಕದ ಅಲಾಸ್ಕ ರಾಜ್ಯದ ಕಂದಾಯ ಇಲಾಖೆಯಲ್ಲಿ ತಂತ್ರಜ್ಞರೊಬ್ಬರು ಎಂದಿನ ನಿರ್ವಹಣೆಯ ಕೆಲಸದಲ್ಲಿದ್ದರು. ಆ ಕೆಲಸದ ನಡುವೆ, ಮಾಡಬಾರದಿದ್ದ ಒಂದು ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಟ್ಟರು. ತೈಲದ ಆದಾಯದಿಂದ ಕಟ್ಟಿದ, ಆಗ 38 ಶತಕೋಟಿ ಡಾಲರ್ ಬೆಲೆಯ ನಿಧಿಯಿಂದ ಆ ರಾಜ್ಯದ ಜನ ವರ್ಷಕ್ಕೊಮ್ಮೆ ತಮ್ಮ ಪಾಲು ಪಡೆಯುತ್ತಾರೆ; ಆ ಪಾಲಿಗಾಗಿ ಹಾಕಿದ ಅರ್ಜಿಗಳ ಮಾಹಿತಿಯೆಲ್ಲ ಇದ್ದದ್ದು ಅದರಲ್ಲೇ. ಬ್ಯಾಕಪ್ ಇದ್ದ ಡಿಸ್ಕೂ ಅದೇ ಕೈಯಲ್ಲಿ ಫಾರ್ಮ್ಯಾಟ್ ಆಯಿತು. ಮೂರನೆಯ ಆಸರೆಯೆಂದು ಟೇಪುಗಳಿದ್ದವು. ಹೊರತೆಗೆದು ನೋಡಿದರೆ ಅವನ್ನು ಓದಲಿಕ್ಕೇ ಆಗಲಿಲ್ಲ. ಮೈಕ್ರೋಸಾಫ್ಟ್ ಮತ್ತು ಡೆಲ್ ಕಂಪನಿಗಳಿಂದ ತಜ್ಞರು ಬಂದರು, ಬರಿಗೈಯಲ್ಲಿ ಹೋದರು. ಒಂಬತ್ತು ತಿಂಗಳ ದುಡಿಮೆ, ಸ್ಕ್ಯಾನ್ ಮಾಡಿಟ್ಟಿದ್ದ ಸುಮಾರು ಎಂಟು ಲಕ್ಷ ಪುಟಗಳು ಹೋದವು. ಕೊನೆಗೆ ಕೈಹಿಡಿದದ್ದು ಸುಮಾರು 300 ರಟ್ಟಿನ ಪೆಟ್ಟಿಗೆಗಳಲ್ಲಿದ್ದ ಮೂಲ ಕಾಗದಗಳು. ಸಿಬ್ಬಂದಿ ರಾತ್ರಿಯೂ ರಜೆಯ ದಿನವೂ ಕೂತು ಮೊದಲಿನಿಂದ ಸ್ಕ್ಯಾನ್ ಮಾಡಿದರು. ಖರ್ಚು ಎರಡು ಲಕ್ಷ ಡಾಲರ್ ದಾಟಿತು.

ಇದರ ಪಕ್ಕದಲ್ಲಿ ಇನ್ನೊಂದು ಡಿಸ್ಕನ್ನು ಇಟ್ಟು ನೋಡಬೇಕು. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಹೊತ್ತ ಕೊಲಂಬಿಯ ಗಗನನೌಕೆ ಮರಳುವ ಹಾದಿಯಲ್ಲಿ ಆಕಾಶದಲ್ಲೇ ಚೂರಾಯಿತು. ಅದರಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯ ಕುರಿತ ಒಂದು ಪ್ರಯೋಗ ನಡೆದಿತ್ತು. ಫಲಿತಾಂಶದ ಒಂದು ಭಾಗ ಹಾರಾಟದ ಹೊತ್ತಿಗೇ ಭೂಮಿಗೆ ಬಂದಿತ್ತು, ಉಳಿದದ್ದು 340 ಮೆಗಾಬೈಟ್‌ನ ಹಾರ್ಡ್ ಡಿಸ್ಕಿನಲ್ಲಿತ್ತು. ತಿಂಗಳುಗಳ ನಂತರ ಟೆಕ್ಸಾಸ್‌ನ ಬತ್ತಿದ ಕೆರೆಯಂಗಳದಲ್ಲಿ ಆ ಡಿಸ್ಕ್ ಸಿಕ್ಕಿತು. ಸುಟ್ಟು ಕರಕಾದ ಲೋಹದ ಮುದ್ದೆ, ಒಳಗೆಲ್ಲ ದೂಳು. ಮಿನ್ನಿಯಾಪೊಲಿಸ್‌ನ ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯವರು ಒಳಗಿನ ತಟ್ಟೆಗಳನ್ನು ಬಿಡಿಸಿ, ತೊಳೆದು, ಬೇರೆ ಕವಚದಲ್ಲಿ ಕೂರಿಸಿ ಓದಿದರು. ಸುಮಾರು ಶೇ 99ರಷ್ಟು ಮಾಹಿತಿ ಬಂತು. ಪ್ರಯೋಗದ ಫಲಿತಾಂಶ 2008ರಲ್ಲಿ ‘ಫಿಸಿಕಲ್ ರಿವ್ಯೂ ಇ’ ಪತ್ರಿಕೆಯಲ್ಲಿ ಅಚ್ಚಾಯಿತು.

ಅಂತರಿಕ್ಷದಿಂದ ಬಿದ್ದದ್ದು ಉಳಿಯಿತು, ಕಚೇರಿಯ ಮೇಜಿನ ಮೇಲಿದ್ದದ್ದು ಹೋಯಿತು. ಅದೃಷ್ಟದ ಪಾಲು ಎರಡರಲ್ಲೂ ಇದೆ, ಅಲ್ಲಗಳೆಯುವಂತಿಲ್ಲ. ಆದರೆ ಕೊಲಂಬಿಯದ ಡಿಸ್ಕ್ ಬದುಕಿದ್ದಕ್ಕೆ ಹೇಳಬಲ್ಲ ಕಾರಣಗಳಿವೆ. ಡಿಸ್ಕ್ ಅರ್ಧವಷ್ಟೇ ತುಂಬಿತ್ತು. ತಟ್ಟೆಗೆ ಪೆಟ್ಟು ಬಿದ್ದ ಜಾಗದಲ್ಲಿ ಬರಹ ಇರಲಿಲ್ಲ. ಓಡುತ್ತಿದ್ದದ್ದು ಹಳೆಯ ಡಾಸ್ ಆಪರೇಟಿಂಗ್ ಸಿಸ್ಟಂ, ಅದು ಫೈಲನ್ನು ಚೆಲ್ಲಾಪಿಲ್ಲಿ ಮಾಡದೆ ಸಾಲಾಗಿ ಬರೆದಿತ್ತು. ಮುಖ್ಯವಾಗಿ, ಬಿದ್ದಮೇಲೆ ಅದರ ಮೇಲೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಕಳೆದುಹೋದ ಫೈಲಿನ ಮಾತು ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ ‘ಯಾವ ಸಾಫ್ಟ್‌ವೇರ್ ಒಳ್ಳೆಯದು?’ ಎಂಬುದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದವು ಎರಡು: ಅಳಿಸಿದ ಮೇಲೆ ಅಲ್ಲಿ ಏನೇನು ಬರೆಯಲಾಗಿದೆ? ಅಳಿಸಿದ್ದು ಎಂಥ ವಸ್ತುವಿನಿಂದ?

ಅಳಿಸುವುದೆಂದರೆ ಕಂಪ್ಯೂಟರು ಏನು ಮಾಡುತ್ತದೆ ಎಂಬಲ್ಲಿಂದ ಶುರು ಮಾಡೋಣ. ಪಹಣಿಯಲ್ಲಿ ಒಬ್ಬನ ಹೆಸರನ್ನು ಹೊಡೆದುಹಾಕಿದ ಮಾತ್ರಕ್ಕೆ ಅವನ ಹೊಲದ ಬೆಳೆ ಮಾಯವಾಗುವುದಿಲ್ಲ. ಹೊಸ ಮಾಲೀಕ ಬಂದು ಉಳುವ ತನಕ ಅದು ನಿಂತೇ ಇರುತ್ತದೆ. ಮ್ಯಾಗ್ನೆಟಿಕ್ ಹಾರ್ಡ್ ಡಿಸ್ಕಿನ ಕತೆಯೂ ಇಷ್ಟೇ. ಡಾಸ್ ಕಾಲದ, ಇಂದಿಗೂ ಪೆನ್ ಡ್ರೈವುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ಪದ್ಧತಿಯಲ್ಲಿ ಫೈಲನ್ನು ಅಳಿಸಿದರೆ ಪಟ್ಟಿಯಲ್ಲಿದ್ದ ಅದರ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ‘ಇ5’ ಎಂಬ ಸಂಕೇತ ಬೀಳುತ್ತದೆ, ಫೈಲು ಕೂತಿದ್ದ ಜಾಗಗಳನ್ನು ಖಾಲಿ ಎಂದು ಗುರುತು ಹಾಕಲಾಗುತ್ತದೆ. ಒಳಗಿನ ಬರಹವನ್ನು ಯಾರೂ ಮುಟ್ಟುವುದಿಲ್ಲ. 1982ರಲ್ಲಿ ಪೀಟರ್ ನಾರ್ಟನ್ ಎಂಬ ಪ್ರೋಗ್ರಾಮರ್ ತನ್ನದೇ ಒಂದು ಫೈಲನ್ನು ಅಳಿಸಿಕೊಂಡು, ಅದನ್ನೆಲ್ಲ ಮತ್ತೆ ಟೈಪ್ ಮಾಡುವ ಬದಲು ವಾಪಸ್ ತರುವ ಪ್ರೋಗ್ರಾಮನ್ನೇ ಬರೆದದ್ದು ಈ ಸಂದಿನಲ್ಲಿ ಕೈಹಾಕಿ. ನಾರ್ಟನ್ ಯುಟಿಲಿಟೀಸ್ ಹುಟ್ಟಿದ್ದು ಹಾಗೆ. 1991ರ ಡಾಸ್ 5ರಲ್ಲಿ ಮೈಕ್ರೋಸಾಫ್ಟೇ ‘ಅನ್‌ಡಿಲೀಟ್’ ಆಜ್ಞೆಯನ್ನು ಸೇರಿಸಿತು. ಆ ಆಜ್ಞೆ ಕೊಟ್ಟರೆ ಕಳೆದ ಫೈಲಿನ ಹೆಸರು ಮೊದಲ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೊತ್ತು ತೆರೆಯ ಮೇಲೆ ಬರುತ್ತಿತ್ತು, ಆ ಅಕ್ಷರ ಯಾವುದೆಂದು ನಾವು ಹೇಳಬೇಕಿತ್ತು. ಪಟ್ಟಿಯಲ್ಲಿ ಅಳಿದುಹೋಗಿದ್ದ ಅಕ್ಷರ ಅದೊಂದೇ.

ವಿಂಡೋಸ್‌ನ ಈಗಿನ ಎನ್‌ಟಿಎಫ್‌ಎಸ್ ಇನ್ನೂ ಉದಾರಿ. ಪ್ರತಿ ಫೈಲಿಗೂ ಅದು ಒಂದು ದಾಖಲೆ ಇಡುತ್ತದೆ: ಹೆಸರು, ದಿನಾಂಕ, ಡಿಸ್ಕಿನಲ್ಲಿ ಎಲ್ಲೆಲ್ಲಿ ತುಂಡುತುಂಡಾಗಿ ಕೂತಿದೆ ಎಂಬ ವಿವರ. ಅಳಿಸಿದಾಗ ‘ಬಳಕೆಯಲ್ಲಿಲ್ಲ’ ಎಂಬ ಗುರುತು ಬೀಳುತ್ತದೆಯೇ ಹೊರತು ವಿವರವೆಲ್ಲ ಹಾಗೇ ಇರುತ್ತದೆ. ಏಳುನೂರು ಬೈಟಿನೊಳಗಿನ ಚಿಕ್ಕ ಫೈಲಾದರೆ ಅದರ ಒಡಲೂ ಆ ದಾಖಲೆಯೊಳಗೇ ಇರುತ್ತದೆ. ಆ ದಾಖಲೆ ಇನ್ನೊಂದು ಫೈಲಿಗೆ ಹಂಚಿಕೆಯಾಗುವ ತನಕ ಹೆಸರು, ಫೋಲ್ಡರ್ ಸಮೇತ ವಾಪಸ್ ತರಬಹುದು. ಲಿನಕ್ಸ್‌ನ ಎಕ್ಸ್ಟ್4 ಮಾತ್ರ ಜಿಪುಣ; ಯಾವ ತುಂಡು ಎಲ್ಲಿತ್ತೆಂಬ ವಿವರವನ್ನೂ ಸೊನ್ನೆ ಮಾಡಿಬಿಡುತ್ತದೆ.

ಫಾರ್ಮ್ಯಾಟ್ ವಿಷಯಕ್ಕೆ ಬಂದರೆ, ‘ಕ್ವಿಕ್ ಫಾರ್ಮ್ಯಾಟ್’ ಎಂಬುದು ಹೊಸ ಖಾಲಿ ಪಟ್ಟಿಯನ್ನು ಬರೆಯುತ್ತದೆ, ಅಷ್ಟೆ. ಅದರಿಂದ ಚೇತರಿಕೆ ಸಾಧ್ಯ. ‘ಫುಲ್ ಫಾರ್ಮ್ಯಾಟ್’ ಕೂಡ ವಿಂಡೋಸ್ ಎಕ್ಸ್‌ಪಿಯ ತನಕ ಕೆಟ್ಟ ಸೆಕ್ಟರುಗಳನ್ನು ಹುಡುಕುತ್ತಿತ್ತೇ ವಿನಾ ಏನನ್ನೂ ಒರೆಸುತ್ತಿರಲಿಲ್ಲ. ವಿಸ್ಟಾದಿಂದ ಈಚೆಗೆ ಅದು ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. ಹಳೆಯ ಅನುಭವದ ಬಲದ ಮೇಲೆ ‘ಫಾರ್ಮ್ಯಾಟ್ ಆದರೇನು, ತೆಗೆದುಕೊಡೋಣ’ ಎನ್ನುವವರು ಈ ವ್ಯತ್ಯಾಸವನ್ನು ಮರೆತಿರುತ್ತಾರೆ.

ನಮ್ಮಲ್ಲಿ ಫೈಲು ಹೋಗುವ ಸಾಮಾನ್ಯ ಬಗೆ ಬೇರೆಯದೇ. ಕಂಪ್ಯೂಟರ್ ನಿಧಾನವಾಯಿತೆಂದು ಅಂಗಡಿಗೆ ಕೊಟ್ಟು ‘ಹೊಸದಾಗಿ ವಿಂಡೋಸ್ ಹಾಕಿಕೊಡಿ’ ಎನ್ನುತ್ತೇವೆ. ಅವರು ರೂಢಿಯಂತೆ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡುತ್ತಾರೆ. ‘ಡಿ ಡ್ರೈವಿನಲ್ಲಿರುವುದು ಏನೂ ಹೋಗಲ್ಲ ಸಾರ್’ ಎಂಬ ಭರವಸೆಯೂ ಸಿಗುತ್ತದೆ, ಅದು ಸುಳ್ಳಲ್ಲ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿ ಡ್ರೈವಿನೊಳಗೆ. ಮಗಳ ಮದುವೆಯ ಫೋಟೊ, ಪಿಎಚ್‌ಡಿ ಪ್ರಬಂಧ, ಸಂಘದ ಲೆಕ್ಕಪತ್ರ ಎಲ್ಲವೂ ಡೆಸ್ಕ್‌ಟಾಪಿನ ಮೇಲೇ! ಇದು ಬರಿಯ ಫಾರ್ಮ್ಯಾಟ್ ಅಲ್ಲ ಎಂಬುದೇ ಕಷ್ಟ. ಖಾಲಿ ಎಂದು ಗುರುತು ಬಿದ್ದ ಜಾಗದ ಮೇಲೆ ಹೊಸ ವಿಂಡೋಸ್‌ನ ಹತ್ತಾರು ಗಿಗಾಬೈಟ್ ಕೂಡಲೇ ಬಂದು ಕೂರುತ್ತದೆ. ಸತತ ಬಳಕೆಯೂ ಹಾಗೇ. ನಾವು ಸುಮ್ಮನೆ ಕೂತಿದ್ದೇವೆ ಎಂದುಕೊಂಡಾಗಲೂ ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳುತ್ತಿರುತ್ತದೆ, ಬ್ರೌಸರ್ ತನ್ನ ಚಿತ್ರಗಳನ್ನು ಕೂಡಿಡುತ್ತಿರುತ್ತದೆ. ಕಳೆದ ಫೈಲನ್ನು ಹುಡುಕುವ ಸಾಫ್ಟ್‌ವೇರನ್ನು ಅದೇ ಡ್ರೈವಿಗೆ ಇಳಿಸಿ, ಅದೇ ಡ್ರೈವಿನಲ್ಲಿ ಇನ್‌ಸ್ಟಾಲ್ ಮಾಡಿ, ಸಿಕ್ಕಿದ್ದನ್ನು ಅದೇ ಡ್ರೈವಿಗೆ ಉಳಿಸುವವರ ಸಂಖ್ಯೆ ಕಡಿಮೆಯೇನಿಲ್ಲ.

ಒಮ್ಮೆ ಮೇಲೆ ಬರೆದದ್ದನ್ನು ದೊಡ್ಡ ಲ್ಯಾಬಿನವರು ತೆಗೆಯುತ್ತಾರಂತೆ ಎಂಬ ನಂಬಿಕೆ ಇನ್ನೂ ಇದೆ. ಅದರ ಮೂಲ 1996ರಲ್ಲಿ ಪೀಟರ್ ಗಟ್‌ಮನ್ ಬರೆದ ಪ್ರಬಂಧ. ಆ ಕಾಲದ ಡಿಸ್ಕುಗಳಲ್ಲಿ ಹಳೆಯ ಕಾಂತೀಯ ಗುರುತಿನ ಅಂಚು ಉಳಿಯಬಹುದೆಂದು ವಾದಿಸಿ ಅವರು 35 ಬಾರಿ ಮೇಲೆ ಬರೆಯುವ ವಿಧಾನವೊಂದನ್ನು ಕೊಟ್ಟರು. ಎಲ್ಲ ಬಗೆಯ ಹಳೆ ಡಿಸ್ಕುಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಬಂದ ಸಂಖ್ಯೆ ಅದು. ಜನ ಅದನ್ನು ಮಂತ್ರ ಮಾಡಿಕೊಂಡರು. 2008ರಲ್ಲಿ ಕ್ರೇಗ್ ರೈಟ್ ಮತ್ತು ಸಂಗಡಿಗರು ಹೊಸ ಡಿಸ್ಕುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಪರೀಕ್ಷಿಸಿದಾಗ, ಒಮ್ಮೆ ಮೇಲೆ ಬರೆದ ಒಂದೇ ಒಂದು ಬಿಟ್ಟನ್ನು ಊಹಿಸುವುದೂ ನಾಣ್ಯ ಚಿಮ್ಮುವುದಕ್ಕಿಂತ ಹೆಚ್ಚು ಭರವಸೆಯದಲ್ಲ ಎಂದು ತಿಳಿಯಿತು. ಒಂದು ಫೈಲಿನಲ್ಲಿ ಅಂಥ ಬಿಟ್ಟುಗಳು ಲಕ್ಷಗಟ್ಟಲೆ. ಉತ್ತ ಹೊಲದಲ್ಲಿ ಹಳೆ ಬೆಳೆ ಇಲ್ಲ.

ಹೀಗಾಗಿ ಬಲ್ಲವರು ಮಾಡುವ ಮೊದಲ ಕೆಲಸ ಕಂಪ್ಯೂಟರನ್ನು ಆರಿಸುವುದು. ಆಮೇಲೆ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ, ಸೆಕ್ಟರ್ ಸೆಕ್ಟರಾಗಿ ಅದರ ಪೂರ್ತಿ ಪ್ರತಿ ತೆಗೆಯುತ್ತಾರೆ. ಹುಡುಕಾಟವೆಲ್ಲ ಪ್ರತಿಯ ಮೇಲೆ. ಮೂಲವನ್ನು ಮತ್ತೆ ಮುಟ್ಟುವುದಿಲ್ಲ. ಡಿಸ್ಕ್ ಮುಗ್ಗರಿಸುತ್ತಿದ್ದರೆ ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಒದಗುತ್ತದೆ. ಸುಲಭವಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಆಮೇಲೆ ತಡವುವುದು ಅದರ ಜಾಣತನ. ಪೊಲೀಸ್ ತನಿಖೆಯಲ್ಲೂ ಕ್ರಮ ಇದೇ. ಬರೆಯಲು ಬಿಡದ ಸಾಧನವೊಂದನ್ನು ನಡುವೆ ಇಟ್ಟು ಪ್ರತಿ ತೆಗೆಯುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಆ ಪ್ರತಿಯ ಹ್ಯಾಶ್ ಮೌಲ್ಯವನ್ನೂ (ಅದರ ಬೆರಳಚ್ಚಿನಂಥ ಸಂಕೇತವನ್ನು) ನಮೂದಿಸಬೇಕು.

ಫೈಲುಗಳ ಪಟ್ಟಿಯೇ ಹಾಳಾಗಿದ್ದರೆ? ಆಗ ಉಳಿಯುವ ದಾರಿ ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯ ತನಕ ಓದುತ್ತ, ಫೈಲುಗಳನ್ನು ಅವುಗಳ ಮುಖಚಹರೆಯಿಂದ ಗುರುತಿಸುವುದು. ಜೆಪೆಗ್ ಚಿತ್ರ ‘ಎಫ್‌ಎಫ್ ಡಿ8 ಎಫ್‌ಎಫ್’ ಎಂಬ ಮೂರು ಬೈಟುಗಳಿಂದ ಶುರುವಾಗುತ್ತದೆ. ಜಿಪ್ ಫೈಲು ಅದನ್ನು ರೂಪಿಸಿದ ಫಿಲ್ ಕಾಟ್ಜ್‌ನ ‘ಪಿಕೆ’ ಎಂಬ ಮೊದಲಕ್ಷರಗಳಿಂದ. ಈಗಿನ ವರ್ಡ್ ಫೈಲುಗಳೂ ಒಳಗೆ ಜಿಪ್ಪೇ ಆದ್ದರಿಂದ ಅವುಗಳ ಹಣೆಯ ಮೇಲೂ ಅದೇ ‘ಪಿಕೆ’. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೊರೆಕ್ ಎಂಬ ಉಚಿತ ಸಾಫ್ಟ್‌ವೇರ್ ಇಂಥ ನೂರಾರು ಬಗೆಗಳನ್ನು ಬಲ್ಲದು. ನನ್ನನ್ನು ಕೇಳಿದರೆ ಇದು ಮತ್ತು ಇದರ ಜೊತೆಗಾರ ಟೆಸ್ಟ್‌ಡಿಸ್ಕ್ ಎರಡೂ ಸೋತ ಮೇಲಷ್ಟೇ ದುಡ್ಡಿನ ಸಾಫ್ಟ್‌ವೇರಿನ ಮಾತೆತ್ತಬೇಕು. ಆದರೆ ಸಿಗುವ ಫೈಲುಗಳಿಗೆ ಹೆಸರಿರುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದನೆಯ ಸಂಖ್ಯೆಯೊಂದೇ ಇರುತ್ತದೆ, ಅದು ಸಿಕ್ಕಿದ ಸೆಕ್ಟರಿನ ಸಂಖ್ಯೆ. ಹತ್ತು ಸಾವಿರ ಅನಾಮಿಕ ಚಿತ್ರಗಳಲ್ಲಿ ಮನೆಯವರ ಫೋಟೊ ಯಾವುದು, ಬ್ರೌಸರ್ ಕೂಡಿಟ್ಟ ಜಾಹೀರಾತು ಯಾವುದು ಎಂದು ಆರಿಸಲು ವಾರಗಟ್ಟಲೆ ಕೂರಬೇಕು. ತುಂಡುತುಂಡಾಗಿ ಹರಡಿದ್ದ ವಿಡಿಯೊಗಳಂತೂ ಹೆಚ್ಚಿನ ಸಲ ಅರ್ಧಕ್ಕೇ ನಿಲ್ಲುತ್ತವೆ.

ಕನ್ನಡದ ಬರಹ ಹುಡುಕುವವರಿಗೆ ಇಲ್ಲೊಂದು ಬೇರೆಯೇ ಪಾಡಿದೆ. ಬರಿಯ ಪಠ್ಯದ ಫೈಲಿಗೆ ಮುಖಚಹರೆ ಎಂಬುದೇ ಇರುವುದಿಲ್ಲ, ಅಕ್ಷರಗಳು ನೇರವಾಗಿ ಶುರುವಾಗುತ್ತವೆ. ಆದರೆ ಯುನಿಕೋಡ್ ಕನ್ನಡಕ್ಕೆ ತನ್ನದೇ ಒಂದು ತಾಳವಿದೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು; ಮೊದಲನೆಯದು ಯಾವಾಗಲೂ ‘ಇ0’, ಎರಡನೆಯದು ‘ಬಿ2’ ಇಲ್ಲವೇ ‘ಬಿ3’. (ನೆರೆಯ ತೆಲುಗಿನದು ಬಿ0, ಬಿ1.) ಡಿಸ್ಕನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದು ಈ ಜೋಡಿ ಮೂರು ಮೂರು ಬೈಟಿಗೊಮ್ಮೆ ಮರಳಿ ಮರಳಿ ಬರುವ ಜಾಗ ಹುಡುಕಿದರೆ, ಅಲ್ಲಿ ಕನ್ನಡ ಪಠ್ಯವಿದೆ ಎಂದೇ ಅರ್ಥ. ‘ಕನ್ನಡ’ ಎಂಬ ಪದವೊಂದೇ ಹದಿನೈದು ಬೈಟು, ಐದು ‘ಇ0’.

‘ನುಡಿ’, ‘ಬರಹ’ದಂಥ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ್ದಾದರೆ ಈ ಉಪಾಯ ನಡೆಯದು. ಅಲ್ಲಿ ಡಿಸ್ಕಿನ ಮೇಲಿರುವುದು ಕನ್ನಡವೇ ಅಲ್ಲ. ‘ಕನ್ನಡ’ ಎಂಬುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಎಸ್, ಚಿಕ್ಕ ಕ್ಯು, ಕೊನೆಗೆ ಇನ್ನೊಂದು ಎ ಎಂಬ ಏಳು ಚಿಹ್ನೆಗಳಾಗಿ ಕೂತಿರುತ್ತದೆ. ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಚೇತರಿಸಿದ ಸಾವಿರಾರು ಫೈಲುಗಳ ನಡುವೆ ಕಾದಂಬರಿಯ ಹಸ್ತಪ್ರತಿ ಹುಡುಕಲು ಪಾತ್ರದ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಉತ್ತರ ಶೂನ್ಯ. ಆ ಹೆಸರನ್ನು ಪರಿವರ್ತಕದಲ್ಲಿ ಹಿಂದುಮುಂದಾಗಿ ನಡೆಸಿ, ಯುನಿಕೋಡಿನಿಂದ ಆಸ್ಕಿಗೆ ಇಳಿಸಿ, ಬಂದ ಗೋಜಲನ್ನೇ ಹುಡುಕಬೇಕು. ರಿಕವರಿ ಅಂಗಡಿಯವರು ಎಷ್ಟೋ ಸಲ ‘ಫೈಲು ಬಂದಿದೆ, ಆದರೆ ಕರಪ್ಟ್ ಆಗಿದೆ’ ಎಂದು ತೋರಿಸುವುದು ಈ ಗೋಜಲನ್ನೇ. ಅದು ಕೆಟ್ಟಿರುವುದಿಲ್ಲ, ಫಾಂಟ್ ಇರುವುದಿಲ್ಲ, ಅಷ್ಟೆ. ಕೈಚೆಲ್ಲುವ ಮೊದಲು ನುಡಿ ಫಾಂಟ್ ಹಾಕಿ ಒಮ್ಮೆ ನೋಡುವುದರಲ್ಲಿ ನಷ್ಟವೇನಿಲ್ಲ.

ಡಿಸ್ಕೇ ಕೆಟ್ಟಿದ್ದರೆ ದಾರಿ ಬೇರೆ. ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಓದುವ ಹೆಡ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಗ ಒಂದೊಂದು ಸಲ ಆನ್ ಮಾಡಿದಾಗಲೂ ತಟ್ಟೆ ಗೀರುವ ಅಪಾಯವಿದೆ. ಫ್ರಿಜ್ಜಿನಲ್ಲಿಟ್ಟು ತೆಗೆಯುವ ಉಪಾಯವನ್ನು ಮರೆತುಬಿಡಿ, ಹೊರತೆಗೆದಾಗ ತಟ್ಟೆಯ ಮೇಲೆ ನೀರಾವಿ ಕೂರುತ್ತದೆ. ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುವುದರಿಂದ ದೂಳಿಲ್ಲದ ಕೋಣೆಯಲ್ಲೇ ಬಿಚ್ಚಬೇಕು, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ ತಂದು ಜೋಡಿಸಬೇಕು. ಕೆಳಗಿನ ಹಸಿರು ಬೋರ್ಡನ್ನು ಬದಲಾಯಿಸಿದರೆ ಸಾಕು ಎಂಬ ಕಾಲವೂ ಹೋಯಿತು. ಆಯಾ ಡಿಸ್ಕಿಗೆ ಹೊಂದಿಸಿದ ಅಳತೆಗಳು ಬೋರ್ಡಿನ ಚಿಪ್ಪಿನಲ್ಲಿರುತ್ತವೆ, ಅವನ್ನೂ ವರ್ಗಾಯಿಸಬೇಕು. ಇಷ್ಟೆಲ್ಲ ಮಾಡುವವರು ಕೇಳುವ ಹಣ ದುಬಾರಿ ಅನಿಸುವುದು ಸಹಜ, ಆದರೆ ಅನ್ಯಾಯದ್ದಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯ ಓಣಿಯಲ್ಲಿ ಮೇಜಿನ ಮೇಲೇ ಡಿಸ್ಕಿನ ಮುಚ್ಚಳ ತೆಗೆದು ‘ಒಳಗೆ ನೋಡೋಣ’ ಎನ್ನುವವರು ಸಿಕ್ಕರೆ, ಎಷ್ಟೇ ಅಗ್ಗವಾದರೂ ಬೇಡ.

ಇಷ್ಟರ ತನಕ ಹೇಳಿದ್ದು ತಿರುಗುವ ತಟ್ಟೆಯ ಡಿಸ್ಕಿನ ಕತೆ. ಈಗ ಅಂಗಡಿಯಿಂದ ಬರುವ ಲ್ಯಾಪ್‌ಟಾಪಿನಲ್ಲಿ ಇರುವುದು ಎಸ್‌ಎಸ್‌ಡಿ. ಅದರ ಸ್ವಭಾವ ಬೇರೆ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲಾಗದು. ಮೊದಲು ದೊಡ್ಡ ತುಂಡನ್ನೇ ಒರೆಸಿ ಅಣಿಮಾಡಬೇಕು. ಅದಕ್ಕೆಂದು ‘ಈ ಜಾಗ ಇನ್ನು ಬೇಡ’ ಎಂದು ಆಪರೇಟಿಂಗ್ ಸಿಸ್ಟಂ ಡಿಸ್ಕಿಗೆ ಮುಂಚೆಯೇ ಹೇಳುವ ಏರ್ಪಾಡು ಬಂತು, ಹೆಸರು ಟ್ರಿಮ್. ವಿಂಡೋಸ್‌ಗೆ ಅದು ಬಂದದ್ದು 2009ರಲ್ಲಿ, ವಿಂಡೋಸ್ 7ರ ಜೊತೆ. ಈಗ ಡಿಲೀಟ್ ಒತ್ತಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಕೆಲವು ಕ್ಷಣಗಳಲ್ಲೇ ಆ ಜಾಗ ಓದಿದಾಗ ಸೊನ್ನೆಗಳೇ ಬರಬಹುದು. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಡ್ರೈವಿಗೆ ಇಡಿಯಾಗಿ ಟ್ರಿಮ್ ಹೋಗುತ್ತದೆ. ಹೆಸರು, ಗಾತ್ರ ಎಲ್ಲ ಸರಿಯಾಗಿ ತೋರಿಸುವ ರಿಕವರಿ ಸಾಫ್ಟ್‌ವೇರು ಕೊಡುವ ಫೈಲನ್ನು ತೆರೆದರೆ ಒಳಗೆ ಬಯಲು. ಪೆನ್ ಡ್ರೈವ್, ಕ್ಯಾಮೆರಾದ ಮೆಮೊರಿ ಕಾರ್ಡುಗಳಿಗೆ ಸಾಮಾನ್ಯವಾಗಿ ಟ್ರಿಮ್ ತಲುಪುವುದಿಲ್ಲ, ಅಲ್ಲಿ ಹಳೆಯ ವಿದ್ಯೆ ಇನ್ನೂ ನಡೆಯುತ್ತದೆ.

ಇದರ ಮೇಲೆ ಗೂಢಲಿಪೀಕರಣ ಬೇರೆ. ಆಪಲ್‌ನ ಎಂ1 ಚಿಪ್ಪಿನ ಈಚಿನ ಮ್ಯಾಕ್‌ಗಳಲ್ಲಿ ಡ್ರೈವಿನ ಬರಹವೆಲ್ಲ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ, ಕೀಲಿ ಚಿಪ್ಪಿನೊಳಗೆ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪುಗಳಲ್ಲೂ ಬಹಳಷ್ಟರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿದೊಡನೆ ಅದು ತಾನಾಗಿಯೇ ಚಾಲೂ ಆಗುತ್ತದೆ. 48 ಅಂಕಿಗಳ ರಿಕವರಿ ಕೀ ಎಲ್ಲಿದೆ ಎಂದು ಮಾಲೀಕರನ್ನು ಕೇಳಿದರೆ ‘ಅಂಥದ್ದೊಂದು ಇದೆಯಾ?’ ಎಂಬ ಉತ್ತರ ಬರುತ್ತದೆ.

ಇದೆಲ್ಲ ಯಾರೋ ನಮ್ಮ ಮೇಲಿನ ಹಗೆಯಿಂದ ಮಾಡಿದ್ದಲ್ಲ. ಟ್ರಿಮ್ ಬಂದದ್ದು ವೇಗಕ್ಕಾಗಿ, ಗೂಢಲಿಪಿ ಬಂದದ್ದು ಗೋಪ್ಯತೆಗಾಗಿ. ಎರಡನೆಯದಕ್ಕೆ ಕಾರಣ ಗಟ್ಟಿಯಾಗಿಯೇ ಇತ್ತು. ಎಂಐಟಿಯ ಇಬ್ಬರು ವಿದ್ಯಾರ್ಥಿಗಳು, ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್, ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಿಂದ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ತೆರೆದು ನೋಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓಡುತ್ತಿದ್ದವು 129. ಸರಿಯಾಗಿ ಒರೆಸಿದ್ದವು ಅವುಗಳಲ್ಲಿ 12 ಮಾತ್ರ. ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು, ಒಂದು ಡಿಸ್ಕಂತೂ ಇಲಿನಾಯ್ಸ್‌ನ ಎಟಿಎಂ ಯಂತ್ರದೊಳಗಿದ್ದದ್ದು. ಅಂದರೆ ಕೈತಪ್ಪಿ ಅಳಿಸಿದವರಿಗೆ ವರವಾಗಿದ್ದ ಗುಣವೇ ಡಿಸ್ಕ್ ಮಾರಿದವರಿಗೆ ಶಾಪವಾಗಿತ್ತು. ಎಂಜಿನಿಯರುಗಳು ಎರಡನೆಯವರ ಪರ ನಿಂತರು. ನಿಲುವು ಸರಿಯೆಂದೇ ನನಗೂ ಅನಿಸುತ್ತದೆ. ಆದರೆ ಅದರ ಬೆಲೆ ತೆರುತ್ತಿರುವವರು ಮೊದಲನೆಯವರು, ಮತ್ತು ಹಾಗೆಂದು ಅವರಿಗೆ ಯಾರೂ ಹೇಳಿಲ್ಲ.

ಆದ್ದರಿಂದ ಹುಡುಕಾಟವೇ ಈಗ ಡಿಸ್ಕಿನಿಂದಾಚೆಗೆ ಹೊರಟಿದೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಒಂದು ತಪ್ಪು ಆಜ್ಞೆಗೆ ‘ಟಾಯ್ ಸ್ಟೋರಿ 2’ ಚಿತ್ರದ ಬಹುಪಾಲು ಅಳಿಸಿಹೋದಾಗ ಬ್ಯಾಕಪ್ ವ್ಯವಸ್ಥೆಯೂ ಕೆಟ್ಟಿತ್ತು. ಕೈಹಿಡಿದದ್ದು ಹಸುಗೂಸಿನ ತಾಯಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಾಲಿನ್ ಸಸ್‌ಮನ್ ಅವರ ಕಂಪ್ಯೂಟರಿನಲ್ಲಿದ್ದ ಪ್ರತಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಬೇರೆ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಗಿಗಾಬೈಟಿನಲ್ಲಿ 4.5 ಉಳಿಯಿತು. ನಿಗದಿಯಾಗಿದ್ದ ಬ್ಯಾಕಪ್ ವಿಧಾನಗಳು ಒಂದೂ ಕೆಲಸಕ್ಕೆ ಬರಲಿಲ್ಲ. ಆರು ಗಂಟೆ ಮುಂಚೆ ಬೇರೆ ಉದ್ದೇಶಕ್ಕೆ ಕೈಯಾರೆ ತೆಗೆದಿಟ್ಟಿದ್ದ ಪ್ರತಿಯೊಂದರಿಂದ ಕಂಪನಿ ಎದ್ದು ಕೂತಿತು.

ಮನೆಯ ಮಟ್ಟದಲ್ಲೂ ಇಂಥ ಮರೆತ ಪ್ರತಿಗಳೇ ದಿಕ್ಕು. ಪತ್ರಿಕೆಗೆ ಕಳಿಸಿದ ಮೇಲ್, ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದ ಪಿಡಿಎಫ್, ಡಿಟಿಪಿ ಮಾಡಿದವರ ಕಂಪ್ಯೂಟರು, ಗೂಗಲ್ ಡ್ರೈವಿನ ಕಸದಬುಟ್ಟಿ (ಅಲ್ಲಿ 30 ದಿನ ಇರುತ್ತದೆ), ಇವನ್ನೆಲ್ಲ ತಡಕಿದ ಮೇಲೆ ಲ್ಯಾಬಿನ ದಾರಿ ಹಿಡಿಯುವುದು ಒಳಿತು.

ವಿಚಿತ್ರವೆಂದರೆ ಕನ್ನಡದ ಲೇಖಕರು, ಮುದ್ರಣಾಲಯಗಳು, ಸಂಘಸಂಸ್ಥೆಗಳು ಇಪ್ಪತ್ತು ವರ್ಷದ ಹಿಂದೆ ಬಳಸಿ ಅಟ್ಟಕ್ಕೇರಿಸಿದ ಕಂಪ್ಯೂಟರುಗಳು ಈ ವಿಷಯದಲ್ಲಿ ಹೊಸ ಲ್ಯಾಪ್‌ಟಾಪಿಗಿಂತ ಮೇಲು. ಅವುಗಳಲ್ಲಿರುವುದು ಮ್ಯಾಗ್ನೆಟಿಕ್ ಡಿಸ್ಕ್. ಟ್ರಿಮ್ ಇಲ್ಲ, ಗೂಢಲಿಪಿಯೂ ಇಲ್ಲ. ಫಾರ್ಮ್ಯಾಟ್ ಮಾಡಿ ಬಿಟ್ಟಿದ್ದರೂ, ಆಮೇಲೆ ಬಳಸಿರದಿದ್ದರೆ, ಒಳಗಿನದು ಬಹುತೇಕ ಹಾಗೇ ಇರಬಹುದು. ಮೋಟಾರು ತಿರುಗಬೇಕು, ಹೆಡ್ಡು ಅಂಟಿಕೊಂಡಿರಬಾರದು. ಅದನ್ನು ತಿಳಿಯಲು ಆ ಹಳೆಯ ಕಂಪ್ಯೂಟರನ್ನೇ ಆನ್ ಮಾಡಬೇಕಾಗಿಲ್ಲ, ಮಾಡಲೂ ಬಾರದು. ಆ ಕಾಲದ ಐಡಿಇ ಬಗೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಈಗಲೂ ಸಿಗುತ್ತದೆ. ಅದರ ಜೊತೆ ಬರುವ ಪವರ್ ಅಡಾಪ್ಟರನ್ನೂ ಕೇಳಿ ಪಡೆಯಬೇಕು, ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ ಯುಎಸ್‌ಬಿಯ ಕರೆಂಟು ಸಾಲುವುದಿಲ್ಲ.